ಪಶುವೈದ್ಯಕೀಯ ಸೀಟಿಗಾಗಿ ಓದುವವರ ದಿನಚರಿ: ಪುಸ್ತಕ, ಕೊಟ್ಟಿಗೆ ಮತ್ತು ಒಂದು ನೋಟುಬುಕ್ಕು

ದಾವಣಗೆರೆಯ ಹಾಸ್ಟೆಲಿನಲ್ಲಿದ್ದುಕೊಂಡು ಪಿಯುಸಿ ವಿಜ್ಞಾನ ಓದುತ್ತಿದ್ದಾಗ ನಮ್ಮ ಕೊಠಡಿಯ ನಾಲ್ವರಲ್ಲಿ ಮೂವರು ಎಂಬಿಬಿಎಸ್ ಎನ್ನುತ್ತಿದ್ದರು, ನಾನೊಬ್ಬ ಪಶುವೈದ್ಯ ಪದವಿಯಾದ ಬಿವಿಎಸ್ಸಿ ಎನ್ನುತ್ತಿದ್ದೆ. ಊರಿಗೆ ಹೋದಾಗ ಕಟ್ಟೆಯ ಮೇಲೆ ಕುಳಿತ ಹಿರಿಯರು “ದನದ ಡಾಕ್ಟ್ರು ಆಗಾಕೆ ಇಷ್ಟು ಓದಬೇಕೇನೋ ತಮ್ಮಾ?” ಎಂದು ಕೇಳುತ್ತಿದ್ದರು. ಅದರಲ್ಲಿ ಅರ್ಧ ತಮಾಷೆ, ಅರ್ಧ ಅನುಮಾನ ಇರುತ್ತಿತ್ತು. ಈಗ ಪಶುವೈದ್ಯಕೀಯ ಕಾಲೇಜಿನಲ್ಲಿ ಎರಡನೆಯ ವರ್ಷದಲ್ಲಿದ್ದೇನೆ. ಜಗಳೂರು, ಚಳ್ಳಕೆರೆ, ಹೊಸದುರ್ಗದ ಕಡೆಯ ತಮ್ಮಂದಿರು, ತಂಗಿಯರು ಫೋನು ಮಾಡಿ “ಅಣ್ಣಾ, ದಿನಕ್ಕೆ ಎಷ್ಟು ತಾಸು ಓದಬೇಕು?” ಎಂದು ಕೇಳುತ್ತಾರೆ. ತಾಸಿನ ಲೆಕ್ಕವನ್ನು ಯಾರು ಬೇಕಾದರೂ ಹೇಳಬಲ್ಲರು. ಪಿಯುಸಿಯ ಎರಡು ವರ್ಷಗಳಲ್ಲಿ ಪ್ರತಿದಿನವೂ ಪುಸ್ತಕಕ್ಕೂ ಪ್ರಾಣಿಗೂ ನಡುವೆ ಒಂದು ಸಣ್ಣ ದಾರಿಯನ್ನು ತೆರೆದಿಟ್ಟುಕೊಳ್ಳುವುದು ಹೇಗೆ ಎಂಬುದನ್ನು ಮಾತ್ರ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆದ್ದರಿಂದ ಅದನ್ನೇ ಮುಖ್ಯವಾಗಿ ಇಲ್ಲಿ ಬರೆಯುತ್ತಿದ್ದೇನೆ.

ಒಂದೇ ಪ್ರಾಣಿ, ಒಂದೇ ನೋಟುಬುಕ್ಕು

ಇನ್ನೂರು ಪುಟದ ಒಂದು ನೋಟುಬುಕ್ಕು ಕೊಳ್ಳಿ, ಒಂದು ಪ್ರಾಣಿಯನ್ನು ಆರಿಸಿಕೊಳ್ಳಿ. ಮನೆಯಲ್ಲಿ ಆಕಳೋ ಎಮ್ಮೆಯೋ ಇದ್ದರೆ ಅದೇ ಸಾಕು. ಪೇಟೆಯ ಹಾಸ್ಟೆಲಿನಲ್ಲಿರುವವರು ಹತ್ತಿರದ ಹಾಲಿನವರನ್ನು ಕೇಳಿಕೊಂಡು ಅವರ ಒಂದು ಆಕಳನ್ನು ದಿನಕ್ಕೆ ಹತ್ತು ನಿಮಿಷ ನೋಡಿ ಬರಬಹುದು. ನಾನು ಮೊದಲ ದಿನ ಹೋದಾಗ ಆ ಮನೆಯ ಅಜ್ಜಿ ನನ್ನನ್ನು ಹಾಲಿಗೆ ಬಂದವನೆಂದು ತಿಳಿದು ಪಾತ್ರೆ ಕೇಳಿದ್ದರು. ಮೂರನೆಯ ವಾರದ ಹೊತ್ತಿಗೆ “ಇವತ್ತು ನೀರು ಕಡಿಮೆ ಕುಡಿದೈತಿ, ಬರಕೋ” ಎಂದು ಅವರೇ ವರದಿ ಕೊಡತೊಡಗಿದರು.

ಪ್ರತಿದಿನ ಒಂದೇ ಹೊತ್ತಿನಲ್ಲಿ ನೋಡಬೇಕು, ಬೆಳಗಿನ ಜಾವವಾದರೆ ಇನ್ನೂ ಒಳ್ಳೆಯದು. ನಮ್ಮ ಸೀಮೆಯ ಏಪ್ರಿಲ್ ಮಧ್ಯಾಹ್ನದಲ್ಲಿ ಆರೋಗ್ಯವಂತ ಆಕಳೂ ಏದುಸಿರು ಬಿಡುತ್ತದೆ, ಆ ಲೆಕ್ಕ ನಿಮ್ಮ ದಾರಿ ತಪ್ಪಿಸುತ್ತದೆ. ಮೊದಲು ದೂರ ನಿಂತು ನೋಡಿ, ಏಕೆಂದರೆ ನೀವು ಹತ್ತಿರ ಹೋದೊಡನೆ ಅದು ಮೇಯುವುದನ್ನು ನಿಲ್ಲಿಸಿ ನಿಮ್ಮನ್ನು ನೋಡತೊಡಗುತ್ತದೆ. ಪಕ್ಕೆಯ ಏರಿಳಿತವನ್ನು ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಿ. ನೆಮ್ಮದಿಯಾಗಿ ನಿಂತ ದೊಡ್ಡ ಆಕಳಿನ ಉಸಿರು ನಿಮಿಷಕ್ಕೆ ಸುಮಾರು 15ರಿಂದ 30 ಇರುತ್ತದೆ. ಮುಸುಡಿಯ ಮೇಲೆ ಸಣ್ಣ ಹನಿಗಳಿವೆಯೋ ಅಥವಾ ಅದು ಒಣಗಿ ಬಿರಿದಿದೆಯೋ, ಕಿವಿ ಆಡಿಸುತ್ತಿದೆಯೋ, ಮೆಲುಕು ಹಾಕುತ್ತಿದೆಯೋ, ಸಗಣಿ ಗಟ್ಟಿಯೋ ತೆಳುವೋ ಎಂಬುದನ್ನು ಬರೆಯಿರಿ. ಮಾಲೀಕರ ಒಪ್ಪಿಗೆಯಿದ್ದು ಪ್ರಾಣಿ ಸಾಧುವಾಗಿದ್ದರೆ ಅದರ ಎಡಗಡೆ, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಇರುವ ಗುಳಿಯಲ್ಲಿ ಮುಷ್ಟಿಯನ್ನು ಮೆಲ್ಲನೆ ಒತ್ತಿ ಹಿಡಿಯಿರಿ. ಸ್ವಲ್ಪ ಹೊತ್ತಿನಲ್ಲಿ ಒಳಗಿನಿಂದ ಏನೋ ನಿಧಾನವಾಗಿ ಉರುಳಿ ಬಂದು ಮುಷ್ಟಿಯನ್ನು ಹೊರಕ್ಕೆ ತಳ್ಳಿ ಮತ್ತೆ ಇಳಿಯುತ್ತದೆ. ಅದು ಮೊದಲ ಹೊಟ್ಟೆಯಾದ ರೂಮೆನ್ ಮೇವನ್ನು ಕಲಸುತ್ತಿರುವ ಚಲನೆ. ಎರಡು ನಿಮಿಷಕ್ಕೆ ಸುಮಾರು ಮೂರು ಸಲ ಹೀಗಾದರೆ ಹೊಟ್ಟೆ ಕೆಲಸ ಮಾಡುತ್ತಿದೆಯೆಂದು ಅರ್ಥ. ಆ ಒತ್ತಡ ಮೊದಲ ಸಲ ನನ್ನ ಕೈಗೆ ಸಿಕ್ಕ ದಿನ, ಮೆಲುಕು ಹಾಕುವ ಪ್ರಾಣಿಗಳ ನಾಲ್ಕು ಹೊಟ್ಟೆಯ ಹೆಸರುಗಳನ್ನು ಬಾಯಿಪಾಠ ಮಾಡುವ ಅಗತ್ಯವೇ ಹೋಯಿತು. ನಾಡಿಯನ್ನು ಬಾಲದ ಬುಡದ ಕೆಳಭಾಗದಲ್ಲಿ ಬೆರಳಿಟ್ಟು ನೋಡುತ್ತಾರೆ. ಅದನ್ನು ಮಾತ್ರ ಬಲ್ಲವರೊಬ್ಬರು ಪಕ್ಕದಲ್ಲಿದ್ದಾಗಲೇ ಕಲಿಯಿರಿ, ಒದೆ ತಿನ್ನುವುದು ಬಹಳ ಸುಲಭ.

ನೋಟುಬುಕ್ಕಿಗೆ ಒಂದೇ ಒಂದು ನಿಯಮವಿದೆ. “ಚೆನ್ನಾಗಿದೆ” ಎಂಬ ಪದವನ್ನು ಬರೆಯಕೂಡದು. “ಉಸಿರು 22, ಮೆಲುಕು ಇದೆ, ಸಗಣಿ ಎಂದಿನಂತೆ, ಬಲ ಹಿಂಗಾಲಿನ ಮೇಲೆ ಭಾರ ಕಡಿಮೆ” ಎಂದು ಬರೆದರೆ ಮಾತ್ರ ಅದು ಬರಹ. ಒಂದು ತಿಂಗಳು ಹೀಗೆ ಬರೆದವರಿಗೆ ಆ ಪ್ರಾಣಿಯ ಸಹಜ ಸ್ಥಿತಿ ಗೊತ್ತಾಗುತ್ತದೆ, ಸಹಜ ಗೊತ್ತಿದ್ದವರಿಗೆ ಮಾತ್ರ ಅಸಹಜ ಕಣ್ಣಿಗೆ ಬೀಳುತ್ತದೆ. ನಾನು ಆ ಅಜ್ಜಿಯ ಆಕಳಿನ ಮೆಲುಕು ನಿಂತದ್ದನ್ನು ಬರೆದುಕೊಂಡ ಸಂಜೆಯೇ ಅದರ ಹಾಲು ಇಳಿದಿತ್ತು.

ಮುಂಜಾನೆಯ ಹೊತ್ತು ಭೌತಶಾಸ್ತ್ರಕ್ಕೆ

ಪ್ರಾಣಿ ಪ್ರೀತಿಯಿಂದ ಈ ದಾರಿಗೆ ಬರುವವರು ಮಾಡುವ ತಪ್ಪು ಹೆಚ್ಚಾಗಿ ಒಂದೇ: ಇಷ್ಟವೆಂದು ಜೀವಶಾಸ್ತ್ರವನ್ನೇ ಮೂರು ಸಲ ಓದಿ, ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರವನ್ನು ಮುಂದೂಡುತ್ತಾರೆ. ರಾಜ್ಯದ ಸೀಟುಗಳಿಗಾಗಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಪ್ರವೇಶ ಪರೀಕ್ಷೆ ಸಿಇಟಿಯಲ್ಲಿ ಪ್ರತಿ ವಿಷಯಕ್ಕೂ 60 ಪ್ರಶ್ನೆ, 60 ಅಂಕ, 80 ನಿಮಿಷ. ಜೀವಶಾಸ್ತ್ರದ ಅಂಕಕ್ಕಿಂತ ಭೌತಶಾಸ್ತ್ರದ ಅಂಕ ಹಗುರವೇನಲ್ಲ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಸಿಇಟಿಯಲ್ಲಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು. ದೇಶಮಟ್ಟದ ಪ್ರವೇಶ ಪರೀಕ್ಷೆಯಾದ ನೀಟ್‌ನಲ್ಲಿ ಮಾತ್ರ ಸರಿ ಉತ್ತರಕ್ಕೆ 4 ಅಂಕ ಬಂದರೆ ತಪ್ಪಿಗೆ 1 ಅಂಕ ಹೋಗುತ್ತದೆ, ಅಲ್ಲಿ ಊಹೆಗೆ ಬೆಲೆ ತೆರಬೇಕು. ಭಾರತೀಯ ಪಶುವೈದ್ಯ ಪರಿಷತ್ತು ದೇಶದ ಮಾನ್ಯ ಕಾಲೇಜುಗಳ 15 ಶೇಕಡಾ ಸೀಟುಗಳನ್ನು ಅಖಿಲ ಭಾರತ ಕೋಟಾದಲ್ಲಿ ನೀಟ್ ಅಂಕಗಳ ಮೇಲೆ ತುಂಬುವುದರಿಂದ ಎರಡೂ ಪರೀಕ್ಷೆಗಳನ್ನು ಬರೆಯುವುದು ಜಾಣತನ. ಪಿಯುಸಿಯಲ್ಲಿ ಭೌತ, ರಸಾಯನ, ಜೀವಶಾಸ್ತ್ರಗಳೊಂದಿಗೆ ಇಂಗ್ಲಿಷಿನ ಅಂಕವನ್ನೂ ಸೇರಿಸಿ ಅರ್ಹತೆ ನೋಡುತ್ತಾರೆ, ಸಾಮಾನ್ಯ ವರ್ಗಕ್ಕೆ 50 ಶೇಕಡಾ ಬೇಕು. ಕನ್ನಡ ಮಾಧ್ಯಮದಿಂದ ಬಂದ ನಮ್ಮಂಥವರು ಇಂಗ್ಲಿಷನ್ನು ಪಾಸಾದರೆ ಸಾಕೆಂದು ಬಿಟ್ಟರೆ ಅದೇ ಕಾಲಿಗೆ ತೊಡರುತ್ತದೆ.

ನನ್ನ ದಿನ ಐದು ಗಂಟೆಗೆ ಭೌತಶಾಸ್ತ್ರದ ಲೆಕ್ಕಗಳಿಂದ ಆರಂಭವಾಗುತ್ತಿತ್ತು. ತಲೆ ಚುರುಕಾಗಿರುವ ಹೊತ್ತನ್ನು ಇಷ್ಟವಿಲ್ಲದ ವಿಷಯಕ್ಕೆ ಕೊಡಬೇಕು. ಇಷ್ಟದ ವಿಷಯವನ್ನು ನಿದ್ದೆಗಣ್ಣಿನಲ್ಲಿಯೂ ಓದಬಹುದು. ಆರೂವರೆಗೆ ಹಾಲಿನವರ ಮನೆ, ಆಮೇಲೆ ಸ್ನಾನ, ತಿಂಡಿ, ಕಾಲೇಜು. ಸಂಜೆ ಐದರಿಂದ ಆರರ ತನಕ ಪುಸ್ತಕ ಮುಟ್ಟುತ್ತಿರಲಿಲ್ಲ. ಗೆಳೆಯರೊಂದಿಗೆ ಮಂಡಕ್ಕಿ, ಮಿರ್ಚಿ ತಿಂದು ನಡೆದಾಡಿ ಬರುತ್ತಿದ್ದೆ, ಆ ಒಂದು ಗಂಟೆಯನ್ನು ಉಳಿಸಲು ಹೋದ ವಾರಗಳಲ್ಲೆಲ್ಲ ರಾತ್ರಿಯ ಎರಡು ಗಂಟೆ ತೂಕಡಿಕೆಯಲ್ಲಿ ಹೋಗಿದೆ. ರಾತ್ರಿ ಏಳರಿಂದ ರಸಾಯನಶಾಸ್ತ್ರ, ಊಟದ ನಂತರ ಜೀವಶಾಸ್ತ್ರ, ಹತ್ತೂವರೆಗೆ ದೀಪ ಆರಿಸುವುದು. ಭಾನುವಾರ ಬೆಳಿಗ್ಗೆ ಗಡಿಯಾರವಿಟ್ಟುಕೊಂಡು ಒಂದು ವಿಷಯದ ಹಳೆಯ ಸಿಇಟಿ ಪ್ರಶ್ನೆಪತ್ರಿಕೆ. ಈ ವೇಳಾಪಟ್ಟಿಯನ್ನು ನಾನು ವಾರಕ್ಕೆ ನಾಲ್ಕು ದಿನವಾದರೂ ಪಾಲಿಸಿದ್ದೇನೆಂದರೆ ಅದೇ ಹೆಚ್ಚು.

ಪುಸ್ತಕವನ್ನು ಕೊಟ್ಟಿಗೆಗೆ ಒಯ್ಯುವುದು

ಹಾರ್ಮೋನುಗಳ ಪಾಠದಲ್ಲಿ ಆಕ್ಸಿಟೋಸಿನ್ ಎಂಬ ಹೆಸರು ಬರುತ್ತದೆ. ಅದನ್ನು ಓದಿದ ಮರುದಿನ ಹಾಲು ಕರೆಯುವುದನ್ನು ನೋಡಿ. ಕರು ಕೆಚ್ಚಲನ್ನು ಗುಮ್ಮಿದ ಸ್ವಲ್ಪ ಹೊತ್ತಿಗೆ ಮೊಲೆಗಳು ತುಂಬಿ ಬಿಗಿಯುತ್ತವೆ, ನಮ್ಮವರು “ತೊರೆ ಬಿಟ್ಟಿತು” ಎನ್ನುವುದು ಇದಕ್ಕೇ. ಗುಮ್ಮಿದ ಸ್ಪರ್ಶ ನರಗಳ ಮೂಲಕ ಮಿದುಳಿಗೆ ಹೋಗಿ, ಪಿಟ್ಯುಟರಿಯಿಂದ ಆಕ್ಸಿಟೋಸಿನ್ ರಕ್ತಕ್ಕೆ ಇಳಿದು, ಅದು ಕೆಚ್ಚಲಿನ ಹಾಲಿನ ಚೀಲಗಳ ಸುತ್ತಲಿನ ಕೋಶಗಳನ್ನು ಹಿಂಡುತ್ತದೆ. ಅದೇ ಹೊತ್ತಿಗೆ ನಾಯಿ ಬೊಗಳಿ ಆಕಳು ಬೆದರಿದರೆ ಅಡ್ರಿನಲಿನ್ ಈ ಕೆಲಸವನ್ನು ತಡೆಯುತ್ತದೆ, ಅವ್ವ “ಹಾಲು ಏರಿಸಿಕೊಂಡುಬಿಡ್ತು” ಎಂದು ಬೈಯುತ್ತಾಳೆ. ಪಾಠದ ಅರ್ಧ ಪುಟ ಅವ್ವನ ಎರಡು ಮಾತುಗಳಲ್ಲಿದೆ.

ರಸಾಯನಶಾಸ್ತ್ರಕ್ಕೆ ನಮ್ಮ ಜಿಲ್ಲೆಯಲ್ಲಿ ಮೆಕ್ಕೆಜೋಳಕ್ಕಿಂತ ಒಳ್ಳೆಯ ಮೇಷ್ಟ್ರು ಇಲ್ಲ. ಸುಗ್ಗಿಯ ಹೊತ್ತಿನಲ್ಲಿ ಕಣದಲ್ಲಿ ರಾಶಿ ಹಾಕಿದಾಗ ರಾತ್ರಿ ಹಗ್ಗ ಹರಿದುಕೊಂಡ ಆಕಳು ಹೊಟ್ಟೆ ಬಿರಿಯುವಷ್ಟು ಕಾಳು ತಿಂದು ಬೆಳಗಾಗುವಷ್ಟರಲ್ಲಿ ನೆಲಕ್ಕೆ ಬೀಳುವುದು ಊರೂರಿನ ಕಥೆ. ರೂಮೆನ್ನಿನ ಪಿಎಚ್ ಸಾಮಾನ್ಯವಾಗಿ 6ರಿಂದ 7ರ ನಡುವೆ ಇರುತ್ತದೆ. ಒಮ್ಮೆಲೇ ಪಿಷ್ಟ ಸಿಕ್ಕಾಗ ಕೆಲವು ಸೂಕ್ಷ್ಮಜೀವಿಗಳು ಅತಿವೇಗವಾಗಿ ಬೆಳೆದು ಲ್ಯಾಕ್ಟಿಕ್ ಆಮ್ಲವನ್ನು ಸುರಿಸುತ್ತವೆ, ಪಿಎಚ್ ಕುಸಿಯುತ್ತದೆ, ನಾರು ಜೀರ್ಣಿಸುವ ಜೀವಿಗಳು ಸಾಯುತ್ತವೆ, ರಕ್ತದಲ್ಲಿದ್ದ ನೀರು ಹೊಟ್ಟೆಗೆ ಸೆಳೆದುಕೊಂಡು ಪ್ರಾಣಿ ಒಣಗುತ್ತದೆ. ವೈದ್ಯರು ಸೋಡಿಯಂ ಬೈಕಾರ್ಬನೇಟ್ ಕೊಡುವುದೇಕೆ ಎಂಬುದು ಆಮ್ಲ, ಪ್ರತ್ಯಾಮ್ಲ, ಬಫರ್ ಪಾಠ ಓದಿದವರಿಗೆ ಹೇಳಿಕೊಡಬೇಕಾಗಿಲ್ಲ. ನೀರು ಹೀಗೆ ಸೆಳೆದುಕೊಳ್ಳುವ ಆಸ್ಮಾಸಿಸ್ ಪಾಠವೂ ಇದೇ ಆಕಳಿನ ಹೊಟ್ಟೆಯಲ್ಲಿದೆ.

ಹೀಗೆಯೇ ಒಣಹುಲ್ಲಿನ ಯೂರಿಯಾ ಉಪಚಾರವನ್ನೂ ಒಮ್ಮೆ ನೋಡಬೇಕು. 100 ಕಿಲೋ ಹುಲ್ಲಿಗೆ 4 ಕಿಲೋ ಯೂರಿಯಾವನ್ನು ಸುಮಾರು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ ಪದರ ಪದರವಾಗಿ ಚಿಮುಕಿಸಿ, ಗಾಳಿಯಾಡದಂತೆ 21 ದಿನ ಮುಚ್ಚಿಡುತ್ತಾರೆ. ಯೂರಿಯಾ ಒಡೆದು ಅಮೋನಿಯಾ ಆಗಿ ನಾರನ್ನು ಸಡಿಲಿಸುತ್ತದೆ. ಇದನ್ನು ನೀವೇ ಮನೆಯಲ್ಲಿ ಮಾಡಲು ಹೋಗಬೇಡಿ. ಕರಗದ ಯೂರಿಯಾ ನೇರವಾಗಿ ಹೊಟ್ಟೆಗೆ ಹೋದರೆ ದನಕ್ಕೆ ವಿಷ. ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲಿಯೂ ಹಿರಿಯೂರು ಬಬ್ಬೂರು ಫಾರಂನ ಕೇಂದ್ರದಲ್ಲಿಯೂ ರೈತರಿಗೆ ತರಬೇತಿಗಳು ನಡೆಯುತ್ತವೆ. ಅಪ್ಪನೋ ದೊಡ್ಡಪ್ಪನೋ ಹೋಗುವ ದಿನ ಅವರೊಂದಿಗೆ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತು ಬನ್ನಿ.

ಆಸ್ಪತ್ರೆಯಲ್ಲಿ ನಿಲ್ಲುವ ಬಗೆ

ತಿಂಗಳಿಗೆ ಒಂದೆರಡು ಶನಿವಾರ ತಾಲ್ಲೂಕಿನ ಪಶು ಆಸ್ಪತ್ರೆಗೆ ಹೋಗಿ ನಿಲ್ಲಲು ಅನುಮತಿ ಕೇಳಿ. ಬಾಯಿಮಾತಿನಲ್ಲಿ ಕೇಳುವುದಕ್ಕಿಂತ, ಯಾವ ಕಾಲೇಜು, ಯಾವ ತರಗತಿ, ಏಕೆ ಬರಬಯಸುತ್ತೀರಿ ಎಂದು ಅರ್ಧ ಪುಟದ ಕನ್ನಡ ಅರ್ಜಿ ಬರೆದುಕೊಂಡು ಹೋದರೆ ವೈದ್ಯರು ತಲೆಯೆತ್ತಿ ನೋಡುತ್ತಾರೆ. ನನ್ನನ್ನು ಮೊದಲು ಹೋದ ಆಸ್ಪತ್ರೆಯಲ್ಲಿ “ಇಲ್ಲಿ ನೋಡೋಕೆ ಏನೈತಿ” ಎಂದು ಹೊರಗೆ ಕಳಿಸಿದರು, ಎರಡನೆಯದರಲ್ಲಿ ಒಳಗೆ ಕರೆದರು. ಬೇಸರ ಮಾಡಿಕೊಳ್ಳುವ ವಿಷಯವಲ್ಲ, ಬೆಳಗಿನ ಜನಸಂದಣಿಯಲ್ಲಿ ಅವರಿಗೆ ನಮ್ಮದೊಂದು ಹೆಚ್ಚಿನ ಹೊರೆ. ಒಳಗೆ ಹೋದಮೇಲೆ ಪ್ರಾಣಿಯ ಹಿಂದೆ ನಿಲ್ಲಬಾರದು, ಮೊಬೈಲಿನಲ್ಲಿ ಚಿತ್ರ ತೆಗೆಯಬಾರದು, ರೈತರು ವೈದ್ಯರೊಂದಿಗೆ ಮಾತನಾಡುವಾಗ ನಡುವೆ ಬಾಯಿ ಹಾಕಬಾರದು. ವೈದ್ಯರು ಮೊದಲು ಏನು ಕೇಳುತ್ತಾರೆ ಎಂಬುದನ್ನು ಗಮನಿಸಿ. “ಯಾವಾಗಿನಿಂದ ಮೇವು ಬಿಟ್ಟಿದೆ, ಕರು ಹಾಕಿ ಎಷ್ಟು ದಿನವಾಯಿತು, ಮೇವು ಏನಾದರೂ ಬದಲಾಯಿಸಿದಿರಾ, ಅಕ್ಕಪಕ್ಕದ ಮನೆಯ ದನಕ್ಕೂ ಹೀಗಾಗಿದೆಯೇ” ಎಂಬ ಪ್ರಶ್ನೆಗಳಲ್ಲಿಯೇ ಅರ್ಧ ರೋಗ ಸಿಕ್ಕಿಬಿಡುತ್ತದೆ. ಕಾಲುಬಾಯಿ ಜ್ವರ, ಗಳಲೆ ರೋಗ, ಚಪ್ಪೆ ಬೇನೆ, ಕೆಚ್ಚಲು ಬಾವು, ಕಂದು ರೋಗ, ಚರ್ಮಗಂಟು ರೋಗ, ಕುರಿಗಳ ನೀಲಿ ನಾಲಿಗೆ ಎಂಬ ನಮ್ಮ ಹೆಸರುಗಳನ್ನು ನೋಟುಬುಕ್ಕಿನ ಹಿಂದಿನ ಪುಟದಲ್ಲಿ ಬರೆದುಕೊಂಡು, ವೈದ್ಯರು ಹೇಳುವ ಇಂಗ್ಲಿಷ್ ಹೆಸರನ್ನು ಎದುರಿಗೆ ತುಂಬುತ್ತ ಹೋಗಿ. ಕಾಲೇಜಿನಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ ನಡೆಯುವಾಗ ಈ ಪುಟ ಬಹಳ ಕೆಲಸಕ್ಕೆ ಬರುತ್ತದೆ, ಮುಂದೆ ಹಳ್ಳಿಗೆ ಮರಳಿದಾಗ ಎಡಗಡೆಯ ಸಾಲು ಅದಕ್ಕಿಂತ ಹೆಚ್ಚು ಬೇಕಾಗುತ್ತದೆ.

ಕೈ ಎಲ್ಲಿ ಹಾಕಬಾರದು

ಪಿಯುಸಿ ಮೊದಲ ವರ್ಷದ ರಜೆಯಲ್ಲಿ ನಮ್ಮ ಮನೆಯ ಎಮ್ಮೆಕರುವಿಗೆ ಹೊಟ್ಟೆಯುಬ್ಬರವಾಯಿತು. ಓದುವ ಹುಡುಗನೆಂಬ ಗರ್ವದಲ್ಲಿ ದನಕ್ಕೆ ಔಷಧಿ ಕುಡಿಸುವ ಕೊಳವೆಯಾದ ಗೊಟ್ಟವನ್ನು ನಾನೇ ಹಿಡಿದೆ. ತಲೆಯನ್ನು ಆಕಾಶಕ್ಕೆ ಎತ್ತಿಸಿ, ನಾಲಿಗೆಯನ್ನು ಪಕ್ಕಕ್ಕೆ ಎಳೆದು ಹಿಡಿದು, ಎಣ್ಣೆಯನ್ನು ಒಂದೇ ಸಲಕ್ಕೆ ಸುರಿದೆ. ನಾಲಿಗೆ ಹಿಡಿದರೆ ಪ್ರಾಣಿಗೆ ನುಂಗಲು ಬರುವುದಿಲ್ಲ, ತಲೆ ಹೆಚ್ಚು ಎತ್ತಿದರೆ ಗಂಟಲಿಗೆ ಇಳಿಯಬೇಕಾದದ್ದು ಶ್ವಾಸನಾಳಕ್ಕೆ ಇಳಿಯುತ್ತದೆ. ಕರು ಕೆಮ್ಮಿತು, ಎರಡನೆಯ ದಿನ ಜ್ವರ ಬಂತು, ಐದನೆಯ ದಿನ ಕರು ಸತ್ತುಹೋಯಿತು. ಅಜ್ಜ ನನ್ನನ್ನು ಬೈಯಲಿಲ್ಲ. “ಉಬ್ಬರದಾಗೆ ಸಾಯ್ತಿರಲಿಲ್ಲ ಅದು” ಎಂದಷ್ಟೇ ಹೇಳಿ ಗೊಟ್ಟವನ್ನು ಜಂತಿಗೆ ಸಿಕ್ಕಿಸಿದ.

ಆದ್ದರಿಂದ ನೋಡುವುದು, ಎಣಿಸುವುದು, ಬರೆಯುವುದು ನಿಮ್ಮ ಕೆಲಸ, ಚಿಕಿತ್ಸೆ ನಿಮ್ಮದಲ್ಲ. 1984ರ ಭಾರತೀಯ ಪಶುವೈದ್ಯ ಪರಿಷತ್ತು ಕಾಯ್ದೆಯ ಪ್ರಕಾರವೂ ನೋಂದಾಯಿತ ವೈದ್ಯರಷ್ಟೇ ಪಶುವೈದ್ಯ ವೃತ್ತಿ ನಡೆಸಬಹುದು. ಊರಿನವರು “ಹೆಂಗಿದ್ರೂ ನೀನು ಅದೇ ಓದ್ತೀಯಲ್ಲ, ಒಂದು ಸೂಜಿ ಹಾಕು” ಎಂದು ಒತ್ತಾಯಿಸಿದಾಗ 1962 ಸಂಖ್ಯೆಗೆ ಕರೆ ಮಾಡಿಕೊಡಿ, ಸಂಚಾರಿ ಪಶು ಚಿಕಿತ್ಸಾಲಯದ ಸಹಾಯವಾಣಿ ಅದು. ನಿಮ್ಮ ನೋಟುಬುಕ್ಕಿನ ಹಿಂದಿನ ಮೂರು ದಿನಗಳ ಬರಹವನ್ನು ಫೋನಿನಲ್ಲಿ ಓದಿ ಹೇಳಿದರೆ ಅದೇ ದೊಡ್ಡ ಸಹಾಯ.

ಇನ್ನು ಎರಡು ಅಪಾಯಗಳನ್ನು ಮಾತ್ರ ಹೇಳುತ್ತೇನೆ. ಗಬ್ಬದ ಆಕಳು ಕಂದು ಹಾಕಿದರೆ ಆ ಕಂದನ್ನಾಗಲಿ ಅದರೊಂದಿಗೆ ಬೀಳುವ ಕಸವನ್ನಾಗಲಿ (ಮಾಸು) ಬರಿಗೈಯಲ್ಲಿ ಮುಟ್ಟಬೇಡಿ, ಕಂದು ರೋಗ ಮನುಷ್ಯರಿಗೂ ತಗುಲಿ ತಿಂಗಳುಗಟ್ಟಲೆ ಬಿಟ್ಟು ಬಿಟ್ಟು ಬರುವ ಜ್ವರ, ಕೀಲುನೋವು ತರುತ್ತದೆ. ಜೊಲ್ಲು ಸುರಿಸುತ್ತ ನುಂಗಲಾರದೆ ನಿಂತ ದನದ ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆಯೆಂದು ಬಾಯೊಳಗೆ ಕೈ ಹಾಕುವುದು ಹಳ್ಳಿಗಳಲ್ಲಿ ಎಲ್ಲರೂ ಮಾಡುವ ತಪ್ಪು. ಹುಚ್ಚುನಾಯಿ ಕಡಿದ ದನವೂ ಹೀಗೆಯೇ ನಿಲ್ಲುತ್ತದೆ. ನಾಯಿಯೋ ಬೆಕ್ಕೋ ಕಚ್ಚಿದರೆ, ಪರಚಿದರೆ, ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು. ಅರಿಶಿನ, ಸುಣ್ಣ ಏನನ್ನೂ ಹಚ್ಚಬಾರದು.

ತಿಂಗಳಿಗೊಂದು ಭಾನುವಾರ

ಓದಿನಿಂದ ಬಿಡುವು ಬೇಕೆನಿಸಿದ ಭಾನುವಾರವನ್ನು ಪ್ರಾಣಿಗಳ ಬಳಿಯೇ ಕಳೆಯಬಹುದು. ದಾವಣಗೆರೆಯವರಿಗೆ ಆನಗೋಡಿನ ಇಂದಿರಾ ಪ್ರಿಯದರ್ಶಿನಿ ಕಿರು ಮೃಗಾಲಯ, ಚಿತ್ರದುರ್ಗದವರಿಗೆ ಜೋಗಿಮಟ್ಟಿ ದಾರಿಯ ಆಡುಮಲ್ಲೇಶ್ವರ ಕಿರು ಮೃಗಾಲಯ ಹತ್ತಿರದಲ್ಲಿವೆ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಅಭಯಾರಣ್ಯವಿರುವುದೇ ಕೊಂಡುಕುರಿಗಾಗಿ. ಗಂಡಿಗೆ ನಾಲ್ಕು ಕೊಂಬು ಬರುವ ಈ ಪ್ರಾಣಿಯೂ ಆಕಳಿನಂತೆ ಮೆಲುಕು ಹಾಕುವುದೇ. ಅದು ಕಣ್ಣಿಗೆ ಬೀಳುವುದು ಅಪರೂಪ, ನಾನು ಎರಡು ಸಲ ಹೋಗಿ ಹಿಕ್ಕೆ ಮಾತ್ರ ನೋಡಿ ಬಂದಿದ್ದೇನೆ.

ನನ್ನ ಮಟ್ಟಿಗೆ ಅದಕ್ಕಿಂತ ಹೆಚ್ಚು ಕಲಿಸಿದ್ದು ದನ, ಕುರಿಗಳ ಸಂತೆ. ಕುರಿಯ ಕೆಳದವಡೆಯ ಮುಂದಿನ ಹಲ್ಲುಗಳನ್ನು ತುಟಿ ಸರಿಸಿ ನೋಡಿ ವಯಸ್ಸು ಹೇಳುವುದನ್ನು ಅಲ್ಲಿ ಕಲಿಯಬಹುದು. ಮೇಲ್ದವಡೆಯಲ್ಲಿ ಮುಂಬಲ್ಲುಗಳೇ ಇಲ್ಲವೆಂಬುದು ನಮ್ಮ ತರಗತಿಯ ಪೇಟೆ ಹುಡುಗರಿಗೆ ಕಾಲೇಜಿಗೆ ಬಂದಮೇಲೆ ತಿಳಿದ ವಿಷಯ. ದನಗಳಲ್ಲಿ ಸುಮಾರು ಎರಡು ವರ್ಷಕ್ಕೆ ಎರಡು ಶಾಶ್ವತ ಹಲ್ಲು ಬಂದು, ನಾಲ್ಕು ವರ್ಷ ಕಳೆಯುವ ಹೊತ್ತಿಗೆ ಎಂಟೂ ಬರುತ್ತವೆ. “ಎರಡು ಹಲ್ಲು”, “ನಾಲ್ಕು ಹಲ್ಲು”, “ಬಾಯಿಗೂಡಿದ ಎತ್ತು” ಎಂದು ವ್ಯಾಪಾರಿಗಳು ಹೇಳುವುದು ಈ ಲೆಕ್ಕವನ್ನೇ. ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಮ್ಯಾಸಬೇಡರ ಹಟ್ಟಿಗಳಲ್ಲಿ ದೇವರ ಎತ್ತುಗಳನ್ನು ಕಾಯುವ ಕಿಲಾರಿಗಳ ಬಳಿ ಒಂದು ದಿನ ಕುಳಿತರೆ, ಬರಗಾಲದಲ್ಲಿ ಯಾವ ಗಿಡ ತಿನ್ನಿಸಬೇಕು, ಯಾವುದನ್ನು ಬಿಡಿಸಬೇಕು ಎಂಬುದು ಪುಸ್ತಕವಿಲ್ಲದೆ ತಿಳಿಯುತ್ತದೆ. ಅವರ ಕಟ್ಟಳೆಗಳನ್ನು ಮೊದಲು ಕೇಳಿಕೊಂಡು ಹೋಗಿ, ಎತ್ತುಗಳನ್ನು ಮುಟ್ಟುವುದು ಎಲ್ಲರಿಗೂ ಸಲ್ಲುವುದಿಲ್ಲ.

ಕಾಗದಪತ್ರ ಮತ್ತು ಕಾಯುವ ತಿಂಗಳುಗಳು

ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಲ್ಲಿ ಡಿಸೆಂಬರಿನೊಳಗೆ ಮಾಡಿಸಿ, ಅದರ ಮೇಲಿರುವ ಆರ್‌ಡಿ ಸಂಖ್ಯೆಯನ್ನು ನೋಟುಬುಕ್ಕಿನಲ್ಲಿಯೂ ಬರೆದಿಡಿ. ಒಂದರಿಂದ ಹತ್ತನೆಯ ತರಗತಿಯವರೆಗಿನ ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ವ್ಯಾಸಂಗ ಪ್ರಮಾಣಪತ್ರಗಳಿಗೆ ಓದಿದ ಶಾಲೆಗಳಿಗೇ ಹೋಗಬೇಕು, ಎರಡು ಮೂರು ಶಾಲೆ ಬದಲಾಯಿಸಿದವರಿಗೆ ಇದಕ್ಕೇ ಒಂದು ವಾರ ಹಿಡಿಯುತ್ತದೆ. ಕೃಷಿಕರ ಮಕ್ಕಳ ಕೋಟಾಕ್ಕೆ ಅರ್ಜಿ ಹಾಕುವವರಿಗೆ ಪ್ರಾಯೋಗಿಕ ಪರೀಕ್ಷೆಯೂ ಇರುತ್ತದೆ. ಬೀಜ, ಮೇವಿನ ಬೆಳೆ, ಉಪಕರಣ, ದನಕುರಿಗಳ ತಳಿಗಳನ್ನು ಗುರುತಿಸುವ ಅಭ್ಯಾಸವನ್ನು ಹೊಲದಲ್ಲಿ ಅಪ್ಪನೊಂದಿಗೆ ಮಾಡಿ. ಹೊಲವಿರುವ ಮನೆಯ ಮಕ್ಕಳೇ ಅಮೃತ್ ಮಹಲ್‌ಗೂ ಹಳ್ಳಿಕಾರ್‌ಗೂ ವ್ಯತ್ಯಾಸ ಹೇಳಲು ತಡವರಿಸುವುದನ್ನು ನಾನು ಕಂಡಿದ್ದೇನೆ.

ಪರೀಕ್ಷೆಗಳು ಮುಗಿದು ಸೀಟು ಹಂಚಿಕೆಯಾಗುವವರೆಗಿನ ತಿಂಗಳುಗಳು ಓದಿನ ತಿಂಗಳುಗಳಿಗಿಂತ ಕಷ್ಟ. ಸಂಬಂಧಿಕರ ಫೋನುಗಳಿಗೆ ಉತ್ತರಿಸುವುದನ್ನು ಅವ್ವನಿಗೆ ಬಿಟ್ಟು, ನೀವು ಒಂದು ದಿನ ಶಿವಮೊಗ್ಗಕ್ಕೆ ಹೋಗಿ ಪಶುವೈದ್ಯಕೀಯ ಕಾಲೇಜನ್ನು ಹೊರಗಿನಿಂದಲಾದರೂ ನೋಡಿ ಬನ್ನಿ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಡಿಯಲ್ಲಿ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನ, ಗದಗ ಮೊದಲಾದ ಕಡೆ ಕಾಲೇಜುಗಳಿವೆ, ಹೆಬ್ಬಾಳದ್ದು 1958ರಷ್ಟು ಹಳೆಯದು. ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜುಗಳ ಆಯ್ಕೆಪಟ್ಟಿಯನ್ನು ತುಂಬುವ ಕೆಲಸ, ಮಾಡುವಾಗ ಊರಿಗೆ ಹತ್ತಿರ ಎಂಬ ಒಂದೇ ಕಾರಣಕ್ಕೆ ಎರಡು ಕಾಲೇಜು ಬರೆದು ನಿಲ್ಲಿಸಬೇಡಿ. ಎಲ್ಲವನ್ನೂ ನಿಮ್ಮ ಇಷ್ಟದ ಕ್ರಮದಲ್ಲಿ ತುಂಬಿ, ನಿಜವಾದ ಹಂಚಿಕೆಗೆ ಮೊದಲು ಬರುವ ಅಣಕು ಹಂಚಿಕೆಯ ಫಲಿತಾಂಶ ನೋಡಿಕೊಂಡು ಕ್ರಮವನ್ನು ತಿದ್ದಿ. ಒಂದು ವರ್ಷದ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಓದು ಇದು ಎಂಬುದನ್ನು ಮನೆಯವರಿಗೆ ಮೊದಲೇ ತಿಳಿಸಿ, ನಾಲ್ಕನೆಯ ವರ್ಷಕ್ಕೆ “ಇನ್ನೂ ಮುಗಿಯಲಿಲ್ಲವೇ” ಎಂದು ಕೇಳುವಂತಾಗುವುದು ಬೇಡ.

ಸೀಟು ಕೈಗೆ ಬಂದಮೇಲೆ ಹೊರಡುವ ಮುನ್ನ ಧನುರ್ವಾಯು ಚುಚ್ಚುಮದ್ದು ಹಾಕಿಸಿಕೊಳ್ಳಿ, ಉಗುರು ಸಣ್ಣದಾಗಿ ಕತ್ತರಿಸುವ ರೂಢಿ ಮಾಡಿಕೊಳ್ಳಿ. ಗಮ್‌ಬೂಟನ್ನು ನಿಮ್ಮ ಅಳತೆಗಿಂತ ಒಂದು ಅಂಕಿ ದೊಡ್ಡದು ಕೊಳ್ಳಿ, ಒಳಗೆ ದಪ್ಪ ಕಾಲುಚೀಲ ಹಾಕದಿದ್ದರೆ ಮೊದಲ ವಾರವೇ ಹಿಮ್ಮಡಿಯಲ್ಲಿ ಬೊಕ್ಕೆ ಏಳುತ್ತವೆ.